ಎ ಅಕ್ಷರದ ಪಂಡಿತರು

ನಮ್ಮಲ್ಲಿ ಇಂಗ್ಲಿಷ್ ನಿಘಂಟಿಗೆ ಇರುವುದು ಒಂದೇ ಅಕ್ಷರ, ಅದು 'ಎ'. ಅಬೇಸ್, ಅಬೇಟ್, ಅಬ್ಹಾರ್, ಅಬ್ಜೂರ್ ಎಂದು ಉರು ಹೊಡೆಯುತ್ತ ಅಕ್ಯುಮೆನ್, ಅಲಾಕ್ರಿಟಿಯವರೆಗೆ ಬರುವ ಹೊತ್ತಿಗೆ ಯುಗಾದಿ ಬಂದಿರುತ್ತದೆ, ಇಲ್ಲವೇ ಪರೀಕ್ಷೆ ಮುಂದಕ್ಕೆ ಹೋಗಿರುತ್ತದೆ, ಅದೂ ಅಲ್ಲದಿದ್ದರೆ ಊರಲ್ಲಿ ಅಣ್ಣನಿಗೆ ಹೆಣ್ಣು ಗೊತ್ತಾಗಿರುತ್ತದೆ. ಎಲ್ಲ ಮುಗಿಸಿಕೊಂಡು ಪಿ.ಜಿ.ಗೆ ವಾಪಸು ಬಂದ ಹುಡುಗ ಬಿಟ್ಟ ಪುಟದಿಂದ ಶುರು ಮಾಡುವುದಿಲ್ಲ. ಕಲಿತದ್ದು ಮರೆತಿರುತ್ತದಲ್ಲ, ಮತ್ತೆ ಅಬೇಸ್‌ನಿಂದಲೇ ಓನಾಮ. ಹೀಗೆ ನಾಲ್ಕಾರು ಸಲ ಆದ ಮೇಲೆ ಅವನು 'ಎ'ಯಲ್ಲಿ ಡಾಕ್ಟರೇಟ್, 'ಬಿ'ಯಲ್ಲಿ ಎಸ್ಸೆಸ್ಸೆಲ್ಸಿ, 'ಸಿ'ಯಿಂದ ಮುಂದಕ್ಕೆ ನಿರಕ್ಷರಕುಕ್ಷಿ. ಅಂಥವನನ್ನು ಯಾರಾದರೂ 'ಝೆಲಟ್' ಎಂದು ಜರೆದರೆ ಅವನಿಗೆ ತಾಗುವುದೇ ಇಲ್ಲ. ಆ ಪದ ಪುಸ್ತಕದ ಕೊನೆಯಲ್ಲಿದೆ. ಅಲ್ಲಿಯವರೆಗೆ ಹೋಗಿ ಬಂದವರು ಯಾರೂ ಇಲ್ಲ.

ಪುರಾವೆ ಬೇಕಾದವರು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಸಿ' ಸಿಕ್ಕೇ ಸಿಗುತ್ತದೆ. 1949ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕ. ಇಲ್ಲಿ ಅದು ಇವತ್ತಿಗೂ ಪ್ಲಾಸ್ಟಿಕ್ ಕವರ್ ತೊಟ್ಟುಕೊಂಡು ಸಿಗ್ನಲ್ಲಿನಲ್ಲಿ ಕಾರಿನ ಗಾಜು ತಟ್ಟುತ್ತದೆ. ಹಳೆಯ ಪ್ರತಿಯೊಂದನ್ನು ಕೈಗೆತ್ತಿಕೊಂಡು, ತೆರೆಯದೆ, ಹಾಳೆಗಳ ಅಂಚನ್ನು ಮಾತ್ರ ನೋಡಿ. ಮೊದಲ ಒಂದಿಷ್ಟು ಹಾಳೆ ಬೆರಳಿನ ಜಿಡ್ಡಿಗೆ ಕಪ್ಪಾಗಿವೆ. ಉಳಿದದ್ದು ಈಗ ತಾನೇ ಅಚ್ಚಿನಮನೆಯಿಂದ ಬಂದ ಹಾಗೆ ಬೆಳ್ಳಗಿದೆ. ತೆರೆದರೆ ಮೊದಲ ಪುಟದ ನೆತ್ತಿಯಲ್ಲಿ ಪುಟ್ಟ 'ಶ್ರೀ', ಅದರ ಕೆಳಗೆ ಒಡೆಯನ ಹೆಸರು, ತಾರೀಖು, ವಂಕಿ ವಂಕಿಯ ಸಹಿ. ಈಗೊಯಿಸ್ಟ್, ಇಂಟ್ರೋವರ್ಟ್ ಪದಗಳ ಕೆಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಮುಂದಿನ ಅಧ್ಯಾಯದಲ್ಲಿ ಸ್ಕೇಲು ಹೋಗಿ ಬರಿಗೈಯ ಗೆರೆ. ಆಮೇಲೆ ಪೆನ್ಸಿಲ್ಲು. ಆಮೇಲೆ ಯಾರದೋ ಫೋನ್ ನಂಬರು, ಮೆಸ್ಸಿನ ಬಾಕಿ ಲೆಕ್ಕ. ಆಮೇಲೆ ಏನೂ ಇಲ್ಲ.

ಲೂಯಿಸ್ ಸಾಹೇಬರು ಪುಸ್ತಕವನ್ನು ಜಾಣತನದಿಂದಲೇ ಜೋಡಿಸಿದ್ದರು. ಮೊದಲು ಮನುಷ್ಯರ ಸ್ವಭಾವಕ್ಕೆ ಸಂಬಂಧಪಟ್ಟ ಪದಗಳು, ಆಮೇಲೆ ಬಗೆಬಗೆಯ ಡಾಕ್ಟರುಗಳು, ಬೇರೆ ವೃತ್ತಿಯವರು, ವಿಜ್ಞಾನಿಗಳು, ಸುಳ್ಳುಗಾರರು. ವೈರಿಗಳನ್ನು ಹೀಯಾಳಿಸುವುದು ಹೇಗೆ ಎಂಬ ಅಧ್ಯಾಯ ಇವೆಲ್ಲದರ ಆಚೆ ಇದೆ. ಸ್ನೇಹಿತರನ್ನು ಹೊಗಳಿ ಅಟ್ಟಕ್ಕೇರಿಸುವ ಅಧ್ಯಾಯ ಇನ್ನೂ ಆಚೆ. ನಮ್ಮವರು ಡಾಕ್ಟರುಗಳ ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ಆದ್ದರಿಂದಲೇ ಚಾಮರಾಜನಗರದಿಂದ ಬೀದರಿನವರೆಗೆ ಕಣ್ಣಿನ ಡಾಕ್ಟರಿಗೂ ಕನ್ನಡಕ ಮಾರುವವನಿಗೂ ಇಂಗ್ಲಿಷಿನಲ್ಲಿ ಇರುವ ಅಷ್ಟೂ ಹೆಸರು ಬಲ್ಲ ಯುವಕರು ನಮ್ಮಲ್ಲಿ ತುಂಬಿದ್ದಾರೆ; ವೈರಿಯನ್ನು ಬೈಯಬೇಕಾದಾಗ ಮಾತ್ರ ತಾಯ್ನುಡಿಯೇ ಗತಿ. ಕನ್ನಡ ಇನ್ನೂ ಉಳಿದಿರುವುದಕ್ಕೆ ಇದೂ ಒಂದು ಕಾರಣವೆಂದು ಯಾವ ನವೆಂಬರ್ ಭಾಷಣದಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದಕ್ಕಿಂತ ಹಿಂದಿನ ತಲೆಮಾರಿನವರ ಆಸೆ ಸಣ್ಣದಿತ್ತು. ಅವರು 'ರಾಪಿಡೆಕ್ಸ್' ಓದಿದವರು. ಕಪಿಲ್ ದೇವ್ ಅದರ ಜಾಹೀರಾತಿನಲ್ಲಿ ನಿಂತು ನಗುತ್ತಿದ್ದರು. ಹರಿಯಾಣದ ಹುಡುಗ ವಿಶ್ವಕಪ್ಪನ್ನೇ ಎತ್ತಿದ ಮೇಲೆ ಇಂಗ್ಲಿಷನ್ನು ಎತ್ತಲಾರನೇ ಎಂಬ ಧೈರ್ಯ ಆ ನಗೆಯಲ್ಲಿತ್ತು. ಸ್ಟೇಷನ್ನಿಗೆ ದಾರಿ ಕೇಳಬೇಕು, ರಜೆ ಅರ್ಜಿ ಬರೆಯಬೇಕು, ಸಾಹೇಬರು ಹೇಳಿದ್ದು ತಿಳಿಯಬೇಕು. ರಾಪಿಡೆಕ್ಸ್ ಓದಿದವನ ಬೇಡಿಕೆ ಇಷ್ಟೇ. ಅವನಿಗೆ ತನ್ನ ಮಾತು ಎದುರಿನವನಿಗೆ ಅರ್ಥವಾದರೆ ಸಾಕಿತ್ತು. ಅವನ ಮಗನದು ಬೇರೆಯೇ ದಾರಿ. ತನ್ನ ಮಾತು ಎದುರಿನವನಿಗೆ ಅರ್ಥವಾಗಿಬಿಟ್ಟರೆ ಕೊಟ್ಟ ಫೀಸು ದಂಡವಾಯಿತಲ್ಲ ಎಂದು ಕೊರಗುವ ಪೈಕಿ ಅವನು.

ಪರೀಕ್ಷೆಗೆ ಓದುವವರನ್ನು ಇಷ್ಟು ಆಡಿಕೊಳ್ಳಬಾರದು, ಅವರ ಪಾಡು ಬೇರೆ. ಹುದ್ದೆ ಸಾವಿರಗಳಲ್ಲಿ, ಅರ್ಜಿ ಲಕ್ಷಗಳಲ್ಲಿ. ಪ್ರಶ್ನೆಪತ್ರಿಕೆ ಮಾಡುವವರು ತಿಳಿದವರನ್ನು ಹುಡುಕುವುದಿಲ್ಲ, ಆದಷ್ಟು ಜನ ಉದುರಿಹೋಗಲಿ ಎಂದು ಕಾಯುತ್ತಾರೆ. ಉದುರಿಸುವುದಕ್ಕೆ ಕಷ್ಟದ ಪದಕ್ಕಿಂತ ಅಗ್ಗದ ಸಾಧನ ಬೇರೆ ಇಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಯಲ್ಲಿ 'ಒನ್ ವರ್ಡ್ ಸಬ್‌ಸ್ಟಿಟ್ಯೂಷನ್' ಎಂಬ ಬಾಬತ್ತಿದೆ. ಒಂದು ಉದ್ದನೆಯ ವಿವರಣೆ ಕೊಟ್ಟು, ಇದಕ್ಕೆಲ್ಲ ಸೇರಿ ಒಂದೇ ಪದ ಹೇಳು ಎನ್ನುತ್ತಾರೆ. ಇದಕ್ಕೆ ತಯಾರಿ ನಡೆಸುವ ಕೊಠಡಿಯ ಹೊರಗೆ ನಿಂತು ಕೇಳಿದರೆ ಪೊಲೀಸರಿಗೆ ಫೋನ್ ಮಾಡಬೇಕು ಎನ್ನಿಸುತ್ತದೆ. ಅಪ್ಪನನ್ನು ಕೊಂದರೆ ಪ್ಯಾಟ್ರಿಸೈಡ್, ಅವ್ವನನ್ನು ಕೊಂದರೆ ಮ್ಯಾಟ್ರಿಸೈಡ್, ಅಣ್ಣತಮ್ಮಂದಿರಾದರೆ ಫ್ರ್ಯಾಟ್ರಿಸೈಡ್, ಹೆಂಡತಿಯಾದರೆ ಅಕ್ಸೋರಿಸೈಡ್, ರಾಜನಾದರೆ ರೆಜಿಸೈಡ್. ಚೆಕ್‌ಬುಕ್ ಯಾವಾಗ ಬರುತ್ತದೆಂದು ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಕೇಳಲು ತಡವರಿಸುವ ಹುಡುಗ ಮನೆಮಂದಿಯನ್ನೆಲ್ಲ ಇಂಗ್ಲಿಷಿನಲ್ಲಿ ಮುಗಿಸಿ, ಕೈ ತೊಳೆದುಕೊಂಡು, ಅರಮನೆಗೆ ಹೊರಟಿರುತ್ತಾನೆ. ಕೊನೆಗೆ ಅವನಿಗೆ ಕೆಲಸ ಸಿಗುವುದು ಯಾವುದೋ ಇಲಾಖೆಯ ಗುಮಾಸ್ತನ ಕುರ್ಚಿಯಲ್ಲಿ. ಅಲ್ಲಿ ಯಾರನ್ನೂ ಕೊಲ್ಲುವ ಅಗತ್ಯ ಬೀಳುವುದಿಲ್ಲ, ಫೈಲುಗಳು ತಾವಾಗಿಯೇ ಸಾಯುತ್ತವೆ. ನಿದ್ದೆಯಲ್ಲಿ ಓಡಾಡುವವನಿಗೆ ಸೋಮ್ನಾಂಬ್ಯುಲಿಸ್ಟ್ ಎನ್ನುತ್ತಾರಂತೆ. ಉರು ಹೊಡೆದದ್ದರಲ್ಲಿ ಕಚೇರಿ ಸೇರಿದ ಮೇಲೂ ದಿನಬಳಕೆಗೆ ಬರುವುದು ಅದೊಂದೇ.

ಉರು ಹೊಡೆಸುವುದೂ ಸುಲಭದ ಕಸುಬಲ್ಲ. ಧಾರವಾಡದ ಸಪ್ತಾಪುರದಲ್ಲಿ ಗಲ್ಲಿಗೊಂದು ಕೋಚಿಂಗ್ ಕ್ಲಾಸಿದೆ. ಮಹಡಿಯ ಮೇಲೆ ತಗಡಿನ ಸೂರು, ಕೆಳಗೆ ಝೆರಾಕ್ಸ್ ಅಂಗಡಿ, ಕಾಲಿಡಲು ಜಾಗವಿಲ್ಲದಷ್ಟು ಹುಡುಗ ಹುಡುಗಿಯರು. ಫ್ಯಾನಿನ ಸದ್ದಿಗಿಂತ ಮೇಲೆ ಮಾಸ್ತರರ ಕಂಠ.

"ಹೆಜೆಮನಿ. ಬರಕೊಳ್ರಿ. ಹೆಗ್ಗಣ ಮನಿ ಹೊಕ್ಕರ ಆ ಮನ್ಯಾಗ ಯಾರ ಕಾರಬಾರ ನಡೀತೈತಿ?"

"ಹೆಗ್ಗಣದ್ದರೀ ಸರ್."

"ಅದ ಹೆಜೆಮನಿ. ಅಂದ್ರ ಯಜಮಾನಿಕಿ. ಮುಂದ, ಪಾರ್ಸಿಮನಿ. ಪರ್ಸ್ ಮನ್ಯಾಗ ಬಿಟ್ಟು ಗೆಳ್ಯಾರ ಕೂಡ ಚಾ ಕುಡಿಯಾಕ ಬರಾಂವ ಎಂಥಾಂವ?"

"ಜಿಪುಣರೀ."

"ಪಾರ್ಸಿಮನಿ. ಮುಂದ, ಆಕ್ರಿಮನಿ. ಅಕ್ಕ ಗಂಡನ ಮನಿ ಬಿಟ್ಟು ಬಂದಾಳ. ಯಾಕ ಬಂದಾಳ?"

"ಜಗಳಾಡಿ ಬಂದಾಳರೀ."

"ಆಕ್ರಿಮನಿ. ಆಮ್ಯಾಲೆ ಆ ಅಳ್ಯಾನ ಮನಿಯಿಂದ ತಿಂಗಳಾ ತಿಂಗಳಾ ರೊಕ್ಕ ಬರ್ತೈತಿ. ಏನದು?"

ಹಿಂದಿನ ಬೆಂಚಿನಿಂದ ಒಂದೇ ಕೂಗು: "ಅಲಿಮನಿ, ಸರ್!"

ಗ್ರೀಕು, ಲ್ಯಾಟಿನ್ನುಗಳ ಕಡೆಯ ಈ ಬಾಲ ಎರಡು ಸಾವಿರ ವರ್ಷ ಬೀದಿ ಬೀದಿ ಅಲೆದು ಕೊನೆಗೆ ಧಾರವಾಡದಲ್ಲಿ ಒಂದು ಮನಿ ಮಾಡಿಕೊಂಡಿತಲ್ಲ ಎಂದು ನನಗಂತೂ ಸಂತೋಷವಾಯಿತು. ಬೆಂಗಳೂರಿನ ವಿಜಯನಗರದ ಕಡೆಗೆ ಬಂದರೆ ಅಲ್ಲಿಯದು ಬೇರೆ ಘರಾಣೆ. ಮೊರೋಸ್ ಎಂದರೆ ಮೋರೆ ಜೋಲು. ಅಬೇಟ್ ಎಂದರೆ 'ಅಬ್ಬಾ, ಏಟು ಕಮ್ಮಿಯಾಯ್ತು'. ಟ್ಯಾಸಿಟರ್ನ್ ಎಂದರೆ ಟ್ಯಾಕ್ಸಿ ತಪ್ಪು ದಾರಿಗೆ ಟರ್ನ್ ಆದರೂ ಬಾಯಿ ಬಿಡದೆ ಹಿಂದೆ ಕೂತವನು. ಕಕಾಫನಿ ಎಂದರೆ ಕಾಗೆಗೆ ಫೋನು ಕೊಟ್ಟ ಹಾಗೆ. ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ, ಇವುಗಳಲ್ಲಿ ಇರುವ ಚುರುಕು ನಮ್ಮ ಎಷ್ಟೋ ಕಥಾಸಂಕಲನಗಳಲ್ಲಿ ಇಲ್ಲ. ಪುಸ್ತಕದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಯಾರ ಮುನ್ನುಡಿಯೂ ಇಲ್ಲದೆ ಒಂದು ಹೊಸ ಕನ್ನಡ ಸಾಹಿತ್ಯ ಬೆಳೆಯುತ್ತಿದೆ. ಅಕಾಡೆಮಿಯವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮುಟ್ಟದಿದ್ದರೇ ಒಳ್ಳೆಯದು, ವಿಚಾರ ಸಂಕಿರಣ ಮಾಡಿಬಿಡುತ್ತಾರೆ.

ಕಷ್ಟ ಇರುವುದು ಪರೀಕ್ಷೆಯ ದಿನ. ಕಂಪ್ಯೂಟರಿನ ಪರದೆಯ ಮೇಲೆ 'ಹೆಜೆಮನಿ' ಬರುತ್ತದೆ. ಹುಡುಗನಿಗೆ ಹೆಗ್ಗಣ ನೆನಪಿದೆ, ಮನಿ ನೆನಪಿದೆ, ಅದು ಬಚ್ಚಲ ತೂಬಿನಿಂದ ನುಗ್ಗಿ ಬಂದದ್ದೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಉತ್ತರಗಳ ನಡುವೆ ಅತಿಕ್ರಮ ಪ್ರವೇಶಕ್ಕೆ ಹೇಳುವ ಪದವೊಂದು ಇಣುಕುತ್ತದೆ, ಅದನ್ನೇ ಒತ್ತುತ್ತಾನೆ. ತಪ್ಪುತ್ತರಕ್ಕೆ ಅಂಕ ಕಡಿತ. ಅಲ್ಲಿಯೂ ಗೆದ್ದದ್ದು ಹೆಗ್ಗಣವೇ.

ಅಮೆರಿಕಕ್ಕೆ ಹೊರಟವರ ಪಂಕ್ತಿ ಇದಕ್ಕಿಂತ ಮೇಲಿನದು. ಅವರ ಪವಿತ್ರ ಗ್ರಂಥ ಬ್ಯಾರನ್ಸ್‌ನವರ ಜಿಆರ್‌ಇ ಪರೀಕ್ಷೆಯ ಪುಸ್ತಕ. ಅದರ ಹಳೆಯ ಆವೃತ್ತಿಗಳಲ್ಲಿ 3,500 ಪದಗಳ ಪಟ್ಟಿ ಇತ್ತು. ಒಂದು ಪದ ಕೊಟ್ಟು ವಿರುದ್ಧ ಪದ ಹುಡುಕು, ಒಂದು ಜೋಡಿ ಕೊಟ್ಟು ಅಂಥದೇ ಇನ್ನೊಂದು ಜೋಡಿ ಹುಡುಕು ಎಂಬ ಪ್ರಶ್ನೆಗಳು ಇದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. 2011ರ ಆಗಸ್ಟಿನಲ್ಲಿ ಪರೀಕ್ಷೆ ನಡೆಸುವವರೇ ಆ ಎರಡು ಬಗೆಯ ಪ್ರಶ್ನೆಗಳನ್ನು ಕಿತ್ತುಹಾಕಿದರು. ಕಾಲೇಜು ಸೇರುವ ಹುಡುಗರ ಎಸ್‌ಎಟಿ ಪರೀಕ್ಷೆಯೂ 2016ರಲ್ಲಿ, ಯಾರೂ ಬಳಸದ ಪದಗಳು ನಮಗೆ ಬೇಡ ಎಂದು ಕೈ ಕೊಡವಿಕೊಂಡಿತು. ಅಂದರೆ ಈ ಪದಗಳನ್ನು ಹೇರಿದವರೇ ಹಿಂದಕ್ಕೆ ಕರೆಸಿಕೊಂಡು ಎಷ್ಟೋ ಕಾಲವಾಯಿತು. ನಮ್ಮ ಪಿ.ಜಿ.ಗಳ ಗೋಡೆಗೆ ಆ ಸುದ್ದಿ ತಲುಪಿಲ್ಲ. ಸೀನಿಯರ್ ಜೂನಿಯರ್‌ಗೆ ಹಾಸಿಗೆ, ಇಂಡಕ್ಷನ್ ಸ್ಟವ್, ಬ್ಯಾರನ್ಸ್ ಮೂರನ್ನೂ ಒಟ್ಟಿಗೆ ಬಿಟ್ಟು ಹೋಗುತ್ತಾನೆ. ಮೊದಲೆರಡು ಕೆಲಸಕ್ಕೆ ಬರುತ್ತವೆ.

ಇಷ್ಟೆಲ್ಲ ಕಟ್ಟಿಕೊಂಡು ಟೆಕ್ಸಾಸಿಗೋ ಒಹಾಯೊಗೋ ಹೋಗಿ ಇಳಿದ ಹುಡುಗಿಗೆ ಕಾದಿರುವುದು ಬೇರೆಯೇ ಇಂಗ್ಲಿಷ್. ಅಲ್ಲಿನವರು ಗೆಟ್, ಪುಟ್, ಟೇಕ್, ರನ್ ಎಂಬ ಪುಡಿ ಪದಗಳಲ್ಲೇ ಸಂಸಾರ ಮಾಡಿ ಮುಗಿಸುತ್ತಾರೆ. ಇವಳಿಗೆ ಪ್ರೊಕ್ರಾಸ್ಟಿನೇಟ್ ಗೊತ್ತು, ಪುಟ್ ಆಫ್ ಗೊತ್ತಿಲ್ಲ. ರೂಮ್‌ಮೇಟ್ ಬಂದು, ನಾನು ಎಷ್ಟು ದಿನ ಅಂತ ನಿನ್ನನ್ನು ಪುಟ್ ಅಪ್ ವಿತ್ ಮಾಡಲಿ ಎಂದರೆ, ಮಹರಾಯ್ತಿ ತನ್ನನ್ನು ಇನ್ನಷ್ಟು ದಿನ ಇರಿಸಿಕೊಳ್ಳುತ್ತಾಳೆ ಎಂದು ಥ್ಯಾಂಕ್ಸ್ ಹೇಳುತ್ತಾಳೆ. ಪುಟ್ ಪಕ್ಕ ಆನ್ ಬಂದರೆ ಒಂದು, ಔಟ್ ಬಂದರೆ ಇನ್ನೊಂದು, ಡೌನ್ ಬಂದರೆ ಮಾನಹಾನಿ. 'ರನ್' ಎಂಬ ಮೂರಕ್ಷರದ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನವರು 600ಕ್ಕೂ ಹೆಚ್ಚು ಅರ್ಥ ಲೆಕ್ಕ ಹಾಕಿದ್ದಾರೆ. ನಿಜವಾದ ಕಷ್ಟದ ಇಂಗ್ಲಿಷ್ ಇರುವುದು ಇಲ್ಲಿ. ಆದರೆ ಸಿಗ್ನಲ್ಲಿನಲ್ಲಿ ಯಾರೂ ಇದನ್ನು ಮಾರುವುದಿಲ್ಲ. 'ಪುಟ್' ಕಲಿತೆ ಎಂದು ಮಾವನ ಮುಂದೆ ಹೇಳಿಕೊಳ್ಳುವುದಕ್ಕಾಗುತ್ತದೆಯೇ?

ಗುಟ್ಟೆಲ್ಲ ಇರುವುದು ಈ ಹೇಳಿಕೊಳ್ಳುವುದರಲ್ಲಿ. ಇಂಥ ಪದದ ಬೆಲೆ ಅದರ ಅರ್ಥದಲ್ಲಿಲ್ಲ; ಎದುರಿನವನಿಗೆ ಅದು ಗೊತ್ತಿಲ್ಲ ಎಂಬುದರಲ್ಲಿದೆ. ಎಲ್ಲರಿಗೂ ಗೊತ್ತಾದ ದಿನ ಬೆಲೆ ನೆಲಕಚ್ಚಿತು. 1754ರಲ್ಲಿ ಹೊರೇಸ್ ವಾಲ್ಪೋಲ್ ಎಂಬ ಸಾಹೇಬರು ಲಂಕೆಯ ಹಳೆಯ ಹೆಸರಿನಿಂದ 'ಸೆರೆಂಡಿಪಿಟಿ' ಎಂಬ ಪದ ಹುಟ್ಟಿಸಿದರು. ಬಹುಕಾಲ ಅದು ವಿದ್ವಾಂಸರ ಸೊತ್ತಾಗಿತ್ತು. ಈಗ ಕಾಫಿ ಅಂಗಡಿಗೆ, ಬೋಟಿಕ್ಕಿಗೆ, ಪರಿಮಳದ ಮೇಣದಬತ್ತಿಗೆ ಆ ಹೆಸರಿಡುತ್ತಾರೆ. ಹೀಗಾಗಿ ಮರ್ಯಾದಸ್ಥರು ಅದನ್ನು ಬಾಡಿಗೆಗೆ ಬಿಟ್ಟು ಇನ್ನೂ ಎತ್ತರದ ಪದಕ್ಕೆ ಮನೆ ಬದಲಾಯಿಸಿದ್ದಾರೆ.

ಎತ್ತರ ಎಂದರೆ ಶಶಿ ತರೂರರನ್ನು ಬಿಡುವ ಹಾಗಿಲ್ಲ. 2017ರ ಮೇ ತಿಂಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ಉತ್ತರವಾಗಿ ಅವರು 'ಫರಾಗೊ' ಎಂದು ಟ್ವೀಟ್ ಮಾಡಿದಾಗ ಆರೋಪ ಏನು, ಉತ್ತರ ಏನು ಎನ್ನುವುದನ್ನು ಬಿಟ್ಟು ದೇಶ ನಿಘಂಟು ಹುಡುಕಲು ಓಡಿತು. ಮರುವರ್ಷ ತಮ್ಮ ಪುಸ್ತಕದ ಪ್ರಚಾರಕ್ಕೆ 29 ಅಕ್ಷರಗಳ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್' ಬಿಟ್ಟರು. ಯಾವುದೋ ಒಂದನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವುದಕ್ಕೆ ಆ ಹೆಸರಂತೆ. ಗೋಲಿ ಆಡುವ ಮಕ್ಕಳು ಪುಟ್ಟ ತಮ್ಮನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಮೂಲೆಗೆ ಕೂರಿಸುವಾಗ ಮಾಡುವ ಕೆಲಸವೇ ಅದು. ತರೂರರ ಮೇಲೆ ನನಗೆ ತಕರಾರಿಲ್ಲ. ಅವರಿಗೆ ಪದ ಗೊತ್ತು, ತಾವು ಆಡುತ್ತಿರುವುದು ಆಟ ಎಂದೂ ಗೊತ್ತು. 2020ರಲ್ಲಿ 'ತರೂರೋಸಾರಸ್' ಎಂದು ತಮ್ಮನ್ನೇ ಡೈನೋಸಾರ್ ಮಾಡಿಕೊಂಡು ಪುಸ್ತಕ ಬರೆದರು. ತಕರಾರಿರುವುದು ಅವರ ಮರಿಗಳ ಮೇಲೆ. ಮಕ್ಕಳಿಗೆ ಯುಕೆಜಿಯಿಂದಲೇ ದಿನಕ್ಕೊಂದು ಪದ ಉಣ್ಣಿಸುವ ಶಾಲೆಗಳಿವೆ, ಅದನ್ನು ಮನೆಯಲ್ಲಿ ಬಳಸಿ ವಿಡಿಯೊ ಕಳಿಸಿ ಎಂದು ತಾಯಂದಿರಿಗೆ ಹೋಮ್‌ವರ್ಕ್ ಕೊಡುವ ಶಾಲೆಗಳೂ ಇವೆ. ಅಂಥದೊಂದು ಮಗು ಶಾಲೆಯಿಂದ ಬಂದು ಅಜ್ಜಿಯ ಮುಂದೆ ನಿಂತು "ಅಜ್ಜಿ, ಐ ಆಮ್ ರಾವೆನಸ್" ಎಂದಿತು. "ಅಯ್ಯೋ, ನೀನ್ಯಾಕೆ ರಾವಣ ಆಗ್ತೀಯ ಬಂಗಾರ, ರಾಮ ಆಗು" ಎಂದು ಅಜ್ಜಿ ದೃಷ್ಟಿ ನಿವಾಳಿಸಿದರು. ಮಗು ಮತ್ತೆರಡು ಸಲ ರಾವೆನಸ್ ಎಂದು ಹೇಳಿ, ಎರಡು ಸಲವೂ ರಾಮಾಯಣ ಕೇಳಿಸಿಕೊಂಡು, ಕೊನೆಗೆ ಹೊಟ್ಟೆ ಹಿಡಿದುಕೊಂಡು ಅತ್ತ ಮೇಲೆ ತಟ್ಟೆಗೆ ಚಿತ್ರಾನ್ನ ಬಿತ್ತು. ತಾಯಿ ಆ ಅಳುವನ್ನು ಕತ್ತರಿಸಿ ವಿಡಿಯೊ ಕಳಿಸಿದಳು, ಸ್ಟಾರ್ ಬಂತು.

ಮನೆಯಲ್ಲಾದರೆ ಒಂದು ತಟ್ಟೆ ಚಿತ್ರಾನ್ನ ತಡವಾಗುತ್ತದೆ. ನ್ಯಾಯಾಲಯದಲ್ಲಾದರೆ? ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ನಡೆದ ಒಂದು ವ್ಯಾಜ್ಯದಲ್ಲಿ ಹಿಮಾಚಲ ಪ್ರದೇಶದ ಹೈಕೋರ್ಟ್ ಕೊಟ್ಟ ತೀರ್ಪು ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠ, ಇದರಲ್ಲಿ ಏನು ಬರೆದಿದೆಯೆಂದು ತಿಳಿಯುವುದೇ ಸಾಧ್ಯವಿಲ್ಲ ಎಂದು ಆ ತೀರ್ಪನ್ನು ರದ್ದು ಮಾಡಿ, ಹೊಸದಾಗಿ ಬರೆಯಿರಿ ಎಂದು ವಾಪಸು ಕಳಿಸಿತು. ತಪ್ಪು ತೀರ್ಪು ಎಂದಲ್ಲ, ಸರಿ ತೀರ್ಪು ಎಂದೂ ಅಲ್ಲ. ಏನೆಂದೇ ಗೊತ್ತಾಗದ ತೀರ್ಪು. 2021ರಲ್ಲಿ ಅದೇ ಹೈಕೋರ್ಟಿನ ಇನ್ನೊಂದು ತೀರ್ಪು ಸುಪ್ರೀಂ ಕೋರ್ಟಿನ ಮುಂದೆ ಬಂತು, ಈ ಸಲ ಬ್ಯಾಂಕ್ ನೌಕರನೊಬ್ಬನ ವಿಷಯ. ಓದಿ ಮುಗಿಸಿದ ಮೇಲೆ ಟೈಗರ್ ಬಾಮ್ ಹಚ್ಚಿಕೊಳ್ಳಬೇಕಾಯಿತು ಎಂದು ನ್ಯಾಯಮೂರ್ತಿಯೊಬ್ಬರು ತೆರೆದ ನ್ಯಾಯಾಲಯದಲ್ಲೇ ಹೇಳಿಕೊಂಡರು. ದೇಶದ ಅತ್ಯುನ್ನತ ನ್ಯಾಯಪೀಠದ ಹಣೆಯೇ ಸಿಡಿದ ಮೇಲೆ, ಆ ಕಾಗದ ಹಿಡಿದು ವಕೀಲರ ಮನೆಗೆ ಅಲೆದ ಕಕ್ಷಿಗಾರನಿಗೆ ಎಷ್ಟು ಡಬ್ಬಿ ಬಾಮ್ ಬೇಕಾಯಿತೋ.

ಈ ರೋಗಕ್ಕೆ ಸಂಶೋಧನೆಯೂ ನಡೆದಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇನಿಯಲ್ ಓಪನ್‌ಹೈಮರ್ ಎಂಬ ಮನೋವಿಜ್ಞಾನಿ, ಅಗತ್ಯವಿಲ್ಲದೆ ಭಾರಿ ಪದ ತುರುಕಿ ಬರೆದವರನ್ನು ಓದುಗರು ಜಾಣರೆಂದು ಎಣಿಸುವುದಿಲ್ಲ, ದಡ್ಡರೆಂದೇ ಎಣಿಸುತ್ತಾರೆ ಎಂದು ತೋರಿಸಿದರು. ಬೇಕೆಂದೇ ಅಷ್ಟೂ ಭಾರಿ ಪದಗಳನ್ನು ಪೇರಿಸಿ ಆ ಪ್ರಬಂಧಕ್ಕೆ ತಲೆಬರಹ ಕಟ್ಟಿದ್ದರು. 2006ರಲ್ಲಿ ಅದಕ್ಕೆ ಸಾಹಿತ್ಯದ ಇಗ್ ನೊಬೆಲ್ ಸಿಕ್ಕಿತು. ಇದನ್ನು ಹೇಳಲು ಪ್ರಿನ್ಸ್‌ಟನ್ನೇ ಬೇಕಿರಲಿಲ್ಲ, ಗದಗದ ಪಕ್ಕದ ಮುಳಗುಂದ ಸಾಕಿತ್ತು. 1112ರ ಸುಮಾರಿಗೆ 'ಧರ್ಮಾಮೃತ' ಬರೆದ ನಯಸೇನ, ಕನ್ನಡ ಬರೆಯುತ್ತೇವೆಂದು ಕೂತು ಸಂಸ್ಕೃತ ಸುರಿಯುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರ ಸಾಲಿಗೆ ಸೇರಿಸಿ ಗೇಲಿ ಮಾಡಿದ್ದ. ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಸನ್, ಮಸಿಕುಡಿಕೆಯಿಂದ ಲ್ಯಾಟಿನ್ ಮೊಗೆದು ಇಂಗ್ಲಿಷಿಗೆ ಹೊಯ್ಯುವವರನ್ನು ಆಡಿಕೊಂಡದ್ದು 1553ರಲ್ಲಿ, ಅಂದರೆ ನಮಗಿಂತ ನಾಲ್ಕು ಶತಮಾನ ತಡ. ಹಾಗೆಂದು ನಾವು ಬೀಗುವ ಹಾಗಿಲ್ಲ. 'ಸದರಿ ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗಾಗಿ' ಎಂದು ತಾಲ್ಲೂಕು ಕಚೇರಿಯಿಂದ ಬರುವ ಕಾಗದವನ್ನು ನಯಸೇನನಿಗೆ ತೋರಿಸಿದ್ದರೆ ಅವನೂ ಬಾಮ್ ಕೇಳುತ್ತಿದ್ದ.

ಬೇಸರದ ಸಂಗತಿಯೆಂದರೆ, ಕಷ್ಟದ ಪದಗಳ ಪಟ್ಟಿ ಬೇಡ ಎಂಬ ಬುದ್ಧಿಯೂ ಈ ನೆಲದಿಂದಲೇ ಹೊರಗೆ ಹೋದದ್ದು. ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್, ಬಂಗಾಳದ ಮಕ್ಕಳು ಇಂಗ್ಲಿಷ್ ಪಾಠದ ಜತೆ ಗುದ್ದಾಡುವುದನ್ನು ಕಣ್ಣಾರೆ ಕಂಡವರು. 1953ರಲ್ಲಿ ಅವರು ಹೊರತಂದ ಪಟ್ಟಿಯ ಸುಮಾರು 2,000 ಸಾಮಾನ್ಯ ಪದಗಳು ಗೊತ್ತಿದ್ದರೆ ಹೆಚ್ಚಿನ ಬರವಣಿಗೆಯಲ್ಲಿ ಹತ್ತರಲ್ಲಿ ಸುಮಾರು ಎಂಟು ಪದ ಕೈಗೆ ಸಿಗುತ್ತವೆ. ಇನ್ನೂ ಹತ್ತಿರದ್ದು ಎನ್.ಎಸ್. ಪ್ರಭು ಅವರ ಪ್ರಯೋಗ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ಅವರೂ ಅವರ ಜತೆಯ ಮೇಷ್ಟ್ರುಗಳೂ ಪದಪಟ್ಟಿ, ವ್ಯಾಕರಣ ಸೂತ್ರ ಎಲ್ಲವನ್ನೂ ಬದಿಗಿಟ್ಟು, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಕೊಟ್ಟರು. ಯಾವ ಗಾಡಿ ಹಿಡಿದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ, ಲೆಕ್ಕ ಹಾಕಿ ಹೇಳಿ ಎಂದರು. ಹೇಳುವ ಅಗತ್ಯ ಬಿದ್ದಾಗ ಮಾತು ತಾನಾಗಿ ಬಂತು. ಇಂಗ್ಲಿಷ್ ಕಲಿಸುವ ವಿದ್ಯೆಯ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಪಠ್ಯ ಬರೆದರೂ ಅದರಲ್ಲಿ ಈ ಪ್ರಯೋಗಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಜಾಗವಿದೆ. ಬೆಂಗಳೂರಿನಲ್ಲಿ ಬೆಂಗಳೂರು ಪ್ರಾಜೆಕ್ಟ್ ಎಂದು ಹೇಳಿ ನೋಡಿ. "ಎಷ್ಟು ಬಿಎಚ್‌ಕೆ? ಕಾವೇರಿ ನೀರು ಇದೆಯಾ?" ಎಂದು ಕೇಳುತ್ತಾರೆ.

ನೀರಿನ ಮಾತು ಬಂತಲ್ಲ, ಅಂಥದೇ ಒಂದು ಪ್ರಾಜೆಕ್ಟಿನಲ್ಲಿ ನಡೆದದ್ದು. ಅಪಾರ್ಟ್‌ಮೆಂಟಿನ ಸಂಪು ತೊಳೆಸಬೇಕಿತ್ತು, ಮಾರನೇ ದಿನ ಮಧ್ಯಾಹ್ನದವರೆಗೆ ನೀರು ನಿಲ್ಲುತ್ತದೆ. ಸಂಘದ ಸೆಕ್ರೆಟರಿ ನಿವೃತ್ತರು, ಪದಪ್ರಿಯರು. ವಾಟ್ಸಾಪ್ ಗುಂಪಿನಲ್ಲಿ ಅವರು ಹಾಕಿದ ನೋಟಿಸಿನಲ್ಲಿ ಸಂಪು 'ಸಬ್ಟರೇನಿಯನ್ ರಿಸರ್ವಾಯರ್' ಆಗಿತ್ತು, ತೊಳೆಯುವುದು 'ಪ್ರೊಫಿಲ್ಯಾಕ್ಟಿಕ್ ರೆಮಿಡಿಯೇಷನ್' ಆಗಿತ್ತು, ನೀರು ನಿಲ್ಲುವುದು 'ಎನ್ವಿಸೇಜ್ಡ್ ಸೆಸೇಷನ್' ಆಗಿತ್ತು. ನೀರು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಹೆಬ್ಬೆರಳುಗಳು ಎದ್ದವು, ಒಬ್ಬರು 'ವೆಲ್ ಡ್ರಾಫ್ಟೆಡ್ ಸರ್' ಎಂದರು, ಇನ್ನೊಬ್ಬರು ಎರಡೂ ಕೈ ಮುಗಿದರು. ಬೆಳಗ್ಗೆ ಎಂಟರ ಸುಮಾರಿಗೆ ನಲ್ಲಿ ಗೊರಗೊರ ಎಂದಾಗ ಆ ಕೈ ಮುಗಿದವರು ತಲೆಗೆ ಶಾಂಪೂ ಹಾಕಿಕೊಂಡಿದ್ದರು. ನಾಲ್ಕೂ ಮಹಡಿಯಿಂದ ಬೈಗುಳ ಕೇಳಿಸಿತು, ಎಲ್ಲವೂ ತಾಯ್ನುಡಿಗಳಲ್ಲಿ.

ಬಕೆಟ್ ತುಂಬಿಟ್ಟುಕೊಂಡು ನೆಮ್ಮದಿಯಾಗಿದ್ದವರು ಗುಂಪಿನಲ್ಲಿ ಇಲ್ಲದವರು ಮಾತ್ರ: ಕೆಳಮಹಡಿಯ ಇಬ್ಬರು ಅಜ್ಜಿಯರು, ಇಸ್ತ್ರಿ ಅಂಗಡಿಯವನು, ಮನೆಗೆಲಸದ ಹೆಂಗಸರು ಎಚ್ಚರಿಸಿದ ಒಂದೆರಡು ಮನೆಯವರು. ಹಿಂದಿನ ಸಂಜೆಯೇ ಮಳವಳ್ಳಿ ಕಡೆಯ ವಾಚ್‌ಮನ್ ನಂಜಪ್ಪ ಗೇಟಿನ ಹತ್ತಿರ ಕಂಡಕಂಡವರಿಗೆಲ್ಲ "ನಾಳೀಕೆ ನೀರು ಬರಾಕಿಲ್ಲ ಕಣ್ರವ್ವ, ಬಕೀಟ್ ತುಂಬುಸ್ಕಳಿ" ಎಂದು ಹೇಳಿದ್ದ. ಕಾರಿನ ಗಾಜು ಏರಿಸಿಕೊಂಡು ಹೋದವರಿಗೆ ಅದು ಕೇಳಿಸಿರಲಿಲ್ಲ, ಅಷ್ಟೇ.

ಭಾನುವಾರ ಸಂಘದ ಸಭೆ ಸೇರಿತು. ಶಾಂಪೂ ಪ್ರಕರಣ ಅರ್ಧ ಗಂಟೆ ಚರ್ಚೆಯಾಗಿ, ಸಂಘದ ಅಧಿಕೃತ ಪ್ರಕಟಣೆಗೆ ಮೊದಲೇ ಸುದ್ದಿ ಹಬ್ಬಿಸಿ ಗೊಂದಲ ಉಂಟುಮಾಡಿದ್ದಕ್ಕೆ ನಂಜಪ್ಪನಿಗೆ ಲಿಖಿತ ಎಚ್ಚರಿಕೆ ಕೊಡುವುದೆಂದು ತೀರ್ಮಾನವಾಯಿತು. ಸೆಕ್ರೆಟರಿಯವರೇ ಕೂತು ಬರೆದರು. ಒಂದೂವರೆ ಪುಟ, ಲೆಟರ್‌ಹೆಡ್ಡಿನಲ್ಲಿ, 'ಅನ್‌ಆಥರೈಸ್ಡ್ ಡಿಸೆಮಿನೇಷನ್' ಎಂಬಲ್ಲಿ ದಪ್ಪಕ್ಷರ. ನಂಜಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೂ ಖುಷಿಯಾಗಿದ್ದ. ಕತ್ತಲಾದ ಮೇಲೆ ನನ್ನ ಸ್ಕೂಟರ್ ನಿಲ್ಲಿಸಿ ಕಾಗದ ಬಿಚ್ಚಿ ಕೊಟ್ಟು, ಟಾರ್ಚ್ ಹಿಡಿದು ಕೇಳಿದ:

"ಸಂಬಳ ಎಷ್ಟು ಜಾಸ್ತಿ ಮಾಡವ್ರೆ, ವಸಿ ನೋಡಿ ಸಾ."